ಜಂಗು ಹಿಡಿಯುವ ಚಾಕು

ನಮ್ಮ ಮುತ್ಯಾನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಒಂದಿಷ್ಟು ಬೆಳೆದೇ ಇರುತ್ತಿತ್ತು. ಉಳಿದ ಒಂಬತ್ತನ್ನೂ ತಪ್ಪದೆ ತೆಗೆಸಿಕೊಳ್ಳುತ್ತಿದ್ದ ಮನುಷ್ಯ ಇದೊಂದಕ್ಕೆ ಯಾಕೆ ಮಾಫಿ ಕೊಟ್ಟಿದ್ದ ಅನ್ನುವುದು ತಿಳಿದದ್ದು ಅವನ ಮಡಚುವ ಚಾಕು ನನ್ನ ಕೈಗೆ ಬಂದ ಮೇಲೆ. ಅಲಗಿನ ಬೆನ್ನಿಗೆ ಹತ್ತಿ ಉಗುರು ಸಿಕ್ಕಿಸಲಿಕ್ಕೆ ಒಂದು ಸಣ್ಣ ಗೀರು ಇರುತ್ತದೆ. ಮಸೆದು ಮಸೆದು ಅಲಗು ಸವೆದು ಹಿಡಿಯೊಳಗೆ ಇಳಿದಿತ್ತು. ಗೀರಿನ ಅಂಚಷ್ಟೇ ಹೊರಗೆ. ಚಾಕು ಸವೆದಷ್ಟು ಉಗುರು ಬೆಳೆಸಿದ್ದ.

ಚಾಕು, ಅದನ್ನಿಡುವ ಕಿಸೆ, ಅದಕ್ಕೆ ಹಿಡಿಯುವ ಜಂಗು, ಮೂರೂ ಮಾತು ನಮ್ಮ ಕಡೆಗೆ ಪಾರ್ಸಿಯ ಹಾದಿಯಲ್ಲಿ ಬಂದವು. 1948ರ ತನಕ ನಿಜಾಮನ ಸೀಮೆಯಾಗಿದ್ದ ನೆಲ, ಆಶ್ಚರ್ಯವೇನಿಲ್ಲ. ಅಲಗು, ಹಿಡಿ ಮಾತ್ರ ಅಚ್ಚಗನ್ನಡ.

ಅಮವಾಸ್ಯೆಗೆ ಭಾಗ್ಯವಂತಿ ದೇವಿಯ ದರ್ಶನಕ್ಕೆ ಘತ್ತರಗಿಗೆ ಜನ ಬಂದು ಭೀಮಾ ದಂಡೆ ತುಂಬಿದಾಗ ಅಂಗಡಿಗಳಲ್ಲಿ ಕನ್ನಡಿಯಂಥ ಸ್ಟೀಲಿನ ಚಾಕು ಜೋತಾಡುತ್ತಿದ್ದವು. ಹುಡುಗನಿದ್ದಾಗ ಹಟ ಹಿಡಿದು ಒಂದು ಕೊಡಿಸಿಕೊಂಡೆ. ಅದಕ್ಕೆ ಜಂಗು ಹಿಡಿಯಲಿಲ್ಲ, ನಿಜ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಉಕ್ಕಿನಲ್ಲಿ ಕನಿಷ್ಠ ನೂರಕ್ಕೆ ಹತ್ತೂವರೆ ಪಾಲು ಕ್ರೋಮಿಯಂ ಇರಬೇಕು. ಅದು ಮೇಲೆ ಕಾಣದಂಥ ಪೊರೆ ಕಟ್ಟಿ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಜಂಗಿನ ಭಯವಿಲ್ಲದ್ದಕ್ಕೆ ಅದನ್ನು ಒರೆಸಲಿಲ್ಲ, ಮಸೆಯಲಿಲ್ಲ, ಎಲ್ಲೆಂದರಲ್ಲಿ ಒಗೆದೆ. ಎರಡು ಅಮವಾಸ್ಯೆ ಕಳೆಯುವುದರೊಳಗೆ ಕಳೆದೂ ಹೋಯಿತು.

ಮುತ್ಯಾನದು ಕರೀ ಉಕ್ಕು. ಉಳ್ಳಾಗಡ್ಡಿ ಹೆಚ್ಚಿದರೆ ಅಲಗು ಕಪ್ಪಿಡುತ್ತಿತ್ತು; ಲಿಂಬಿಹಣ್ಣು ಕೊಯ್ದು ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಕೆಂಪು ಚುಕ್ಕೆ. ಹಾಗಾಗಿ ಕೊಯ್ದ ಕೂಡಲೇ ಧೋತರದ ಚುಂಗಿಗೆ ಎರಡು ಸಲ ಎಳೆದು ಮಡಚುತ್ತಿದ್ದ. ಆ ಚುಂಗಿನ ಕಪ್ಪು ಗೆರೆ ಯಾವ ಸಾಬೂನಿಗೂ ಜಗ್ಗಲಿಲ್ಲ.

“ಚಾಕೂಕ ಒಂದು ಅರಿವಿ ಕೊಡ್ತೀನಿ, ಧೋತರ ಬಿಡ್ರಿ,” ಅನ್ನುತ್ತಿದ್ದಳು ಆಯಿ.

“ಅರಿವಿ ಹುಡುಕೋದ್ರಾಗ ಜಂಗು ಬರ್ತದ,” ಅನ್ನುತ್ತಿದ್ದ ಮುತ್ಯಾ.

ಕಬ್ಬು ಸುಲಿಯಲು, ಬೀಜದ ಚೀಲದ ಹುರಿ ಕೊಯ್ಯಲು, ಎಳ್ಳಮಾಸಿಗೆ ಹೊಲದಲ್ಲಿ ಸವತಿಕಾಯಿ ಹೆಚ್ಚಲು, ಕಾಲಿಗೆ ನೆಟ್ಟ ಜಾಲಿಮುಳ್ಳು ತೆಗೆಯಲು ಅದೇ ಬೇಕು. ಡಬ್ಬಿ ಮುಚ್ಚಳ ಮೀಟಲು, ಸ್ಕ್ರೂ ತಿರುವಲು ಮಾತ್ರ ಸುತರಾಂ ಕೊಡುತ್ತಿರಲಿಲ್ಲ. ಯಾರಾದರೂ ಎರವು ಕೇಳಿದರೆ ಇಲ್ಲ ಅನ್ನುತ್ತಿರಲಿಲ್ಲ. ಚಾಕಿನ ಜೊತೆ ತಾನೂ ಎದ್ದು ಹೋಗಿ, ಕೊಯ್ದು ಕೊಟ್ಟು, ಒರೆಸಿಕೊಂಡು ಬರುತ್ತಿದ್ದ. ಮಂದಿ ನಗುತ್ತಿದ್ದರು. ಫ್ರಾನ್ಸಿನ ಸವಾಯ್ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಕಟ್ಟಿಗೆ ಹಿಡಿಯ ಮಡಚುವ ಚಾಕು ಮಾಡಿದ. ಆ ಮನೆತನದ ಕಾರ್ಖಾನೆ ಸ್ಟೇನ್‌ಲೆಸ್ ಜೊತೆಗೆ ಇವತ್ತಿಗೂ ಜಂಗು ಹಿಡಿಯುವ ಅಲಗನ್ನೂ ಮಾರುತ್ತದೆ, ಕೊಳ್ಳುವವರೂ ಇದ್ದಾರೆ. ಅಲ್ಲಿಯೂ ಇಂಥ ಮುತ್ಯಾಗಳು ಇರಬೇಕು.

ಅವನು ಹೋದ ಮೇಲೆ ಚಾಕು ಚಂಚಿಯ ಸಮೇತ ಟ್ರಂಕು ಸೇರಿತು. ಜೋಪಾನ ಮಾಡಿದೆವು ಅಂದುಕೊಂಡಿದ್ದೆವು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿತು. ನೀರಿಳಿದ ಮೇಲೆ ಟ್ರಂಕು ತೆಗೆದರೆ ಒಳಗೆ ರಾಡಿ. ಸುಣ್ಣದ ಡಬ್ಬಿಗೆ ಅಂಟಿಕೊಂಡು ಇಟ್ಟಂಗಿಯ ಬಣ್ಣದ ಒಂದು ಗಟ್ಟಿ. ದಿನಾ ಉಳ್ಳಾಗಡ್ಡಿಯ ಹಸಿ, ಲಿಂಬಿಯ ಹುಳಿ ತಿಂದು ಬದುಕಿದ್ದು, ಪೆಟ್ಟಿಗೆಯೊಳಗೆ ಬೆಚ್ಚಗಿಟ್ಟಾಗ ಕೆಟ್ಟಿತ್ತು.

ಎರಡು ದಿನ ಚಿಮಣಿ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಮೂರನೆಯ ದಿನ ಕೀಲು ಕಿರ್ ಅಂದಿತು. ಬೂದಿ ಹಚ್ಚಿ ತಿಕ್ಕಿದೆ, ಕಲ್ಲಿಗೆ ನೀರು ಹನಿಸಿ ಮಸೆದೆ. ಅಲಗಿನ ನಡುವೆ ಜ್ವಾಳದ ಕಾಳಿನಷ್ಟು ಕರೀ ಗುಂಡಿ ಉಳಿದುಬಿಟ್ಟಿತು, ಬಾಯಿ ಮಾತ್ರ ಮತ್ತೆ ಕೂತಿತು.

ಮರುದಿನ ಸವತಿಕಾಯಿ ಹಿಡಿದು ಕೂತರೆ ಚಾಕು ಬಿಚ್ಚಲೊಲ್ಲದು. ನನ್ನ ಹೆಬ್ಬೆರಳು ಬೋಳು. ಹೆಂಡತಿಯ ಕಡೆಯಿಂದ ಹೇರ್‌ಪಿನ್ ಇಸಿದುಕೊಂಡು ಮೀಟಿ ತೆಗೆದೆ. ಅವಳು ಮೋರೆ ತಿರುವಿ ನಕ್ಕಳು.

ಈಗ ರವಿವಾರ ಉಗುರು ತೆಗೆಯುವಾಗ ಒಂದನ್ನು ಬಿಡುತ್ತೇನೆ.