ಅರ್ಧ ದಿನ ಪೆಟರ್‌ಶ್ಯಾಮಿಗೆ ಇರಲಿ

ಸಿಡ್ನಿಯಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗುವ ನಮ್ಮ ಕಡೆಯ ಅಪ್ಪ-ಅಮ್ಮಂದಿರ ತಿರುಗಾಟ ಹೆಚ್ಚುಕಡಿಮೆ ಒಂದೇ ಥರ. ಒಂದು ದಿನ ಆಪರಾ ಹೌಸ್, ಒಂದು ದಿನ ಬ್ಲೂ ಮೌಂಟನ್ಸ್, ಒಂದು ಭಾನುವಾರ ಹೆಲೆನ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನ, ಮಿಕ್ಕ ಸಂಜೆಗಳಲ್ಲಿ ಹ್ಯಾರಿಸ್ ಪಾರ್ಕಿನ ದೋಸೆ, ಚಾಟು. ಇವೆಲ್ಲ ಆಗಲೇಬೇಕಾದವು. ಆದರೂ ಹೊರಟು ನಿಂತವರಿಗೆ ನಾನು ಮರೆಯದೆ ಹೇಳುವ ಮಾತೊಂದಿದೆ: ಅರ್ಧ ದಿನ ಪೆಟರ್‌ಶ್ಯಾಮಿಗೆ ಇಟ್ಟುಕೊಳ್ಳಿ.

ಸೆಂಟ್ರಲ್ ನಿಲ್ದಾಣದಿಂದ ರೈಲು ಹತ್ತಿದರೆ ಕಾಲು ಗಂಟೆಯ ದಾರಿ. ಪೋರ್ಚುಗಲ್ಲಿನಲ್ಲಿ ಸಲಾಜಾರನ ಸರ್ವಾಧಿಕಾರ, ಆಫ್ರಿಕದ ವಸಾಹತುಗಳಲ್ಲಿ ಮುಗಿಯದ ಯುದ್ಧ, ಊರಲ್ಲಿ ಬಡತನ, ಇವುಗಳಿಂದ ಬೇಸತ್ತ ಪೋರ್ಚುಗೀಸ್ ಕುಟುಂಬಗಳು 1960-70ರ ದಶಕಗಳಲ್ಲಿ ಇಲ್ಲಿಗೆ ಬಂದವು. ಮದೇರಾ ದ್ವೀಪದವರೂ ಅವರಲ್ಲಿ ಬಹಳ. ಪೆಟರ್‌ಶ್ಯಾಮ್, ಮ್ಯಾರಿಕ್‌ವಿಲ್ ಸುತ್ತಮುತ್ತ ಮನೆ ಮಾಡಿ, ನ್ಯೂ ಕ್ಯಾಂಟರ್‌ಬರಿ ರಸ್ತೆಯಲ್ಲಿ ಬೇಕರಿ, ಕೋಳಿ ಅಂಗಡಿ, ಕೆಫೆ ತೆರೆದರು. ‘ಪುಟ್ಟ ಪೋರ್ಚುಗಲ್’ ಎಂದು ಹೆಸರಾಗಿರುವುದು ಈ ಕೆಲವು ಬೀದಿಗಳೇ. ನೋಡಲು ಅರಮನೆಯಿಲ್ಲ, ಗೋಪುರವಿಲ್ಲ. ಇಲ್ಲಿಗೆ ಬರಬೇಕಾದದ್ದು ಹಸಿದುಕೊಂಡು.

ಬೆಳಿಗ್ಗೆಯೇ ಹೋಗಿ. ಬೇಕರಿಯಲ್ಲಿ ‘ಪಾಸ್ತೆಲ್ ದೆ ನಾತಾ’ ಒಲೆಯಿಂದ ಇಳಿಯುವ ಹೊತ್ತದು. ಅಂಗೈಯಲ್ಲಿ ಕೂರುವಷ್ಟು ಪುಟ್ಟ ಬಟ್ಟಲು. ಹೊರಗೆ ಎಳೆ ಎಳೆಯಾಗಿ ಬಿಡುವ ಹಿಟ್ಟಿನ ಪದರ, ಒಳಗೆ ಹಾಲು, ಸಕ್ಕರೆ, ಮೊಟ್ಟೆಯ ಹಳದಿಯ ಕೆನೆ. ಮೇಲೆ ಅಲ್ಲಲ್ಲಿ ಕಪ್ಪು ಕಲೆಗಳಿರುತ್ತವೆ. ಸೀದುಹೋಗಿದೆ ಎಂದು ಬದಿಗೆ ಸರಿಸಬೇಡಿ. ಬಲು ಜೋರು ಕಾವಿನಲ್ಲಿ ಬೇಗ ಬೇಯಿಸಿದ್ದಕ್ಕೆ ಆ ಕಲೆಯೇ ಗುರುತು. ಒಂದಿಷ್ಟು ದಾಲ್ಚಿನ್ನಿ ಪುಡಿ ಉದುರಿಸಿಕೊಂಡು, ಬಿಸಿಯಿರುವಾಗಲೇ ಕಚ್ಚಿ ತಿನ್ನಬೇಕು. ಪೊಟ್ಟಣ ಕಟ್ಟಿಸಿ ಮನೆಗೆ ಒಯ್ದರೆ ಗರಿಗರಿ ಇಳಿದುಹೋಗುತ್ತದೆ. ಜೊತೆಗೆ ಪುಟ್ಟ ಕಪ್ಪಿನ ಗಟ್ಟಿ ಕಾಫಿ ಬೇಕಾದರೆ ‘ಬಿಕಾ’ ಎನ್ನಿ. ಲೋಟದ ತುಂಬ ಹಾಲಿನ ಕಾಫಿಗೆ ‘ಗಲಾವ್’. ಹೊರಡುವಾಗ ಗಂಡಸರು ‘ಒಬ್ರಿಗಾದು’, ಹೆಂಗಸರು ‘ಒಬ್ರಿಗಾದಾ’ ಎಂದು ಕೃತಜ್ಞತೆ ಹೇಳಿದರೆ ಗಲ್ಲಾದಲ್ಲಿ ಕೂತವರ ಮುಖ ಅರಳುತ್ತದೆ.

ಮಾಂಸ ತಿನ್ನುವವರಿಗೆ ಮಧ್ಯಾಹ್ನದ ಊಟ ಇದ್ದಿಲ ಕೋಳಿಯೇ. ಬೆನ್ನು ಸೀಳಿ ಚಪ್ಪಟೆಯಾಗಿ ಬಿಡಿಸಿದ ಇಡೀ ಕೋಳಿಯನ್ನು ಕೆಂಡದ ಮೇಲೆ ಮಗುಚುತ್ತ ಸುಟ್ಟು, ಪಿರಿ ಪಿರಿ ಮೆಣಸಿನ ರಸ ಸವರಿ ಕೊಡುತ್ತಾರೆ. ಆಸ್ಟ್ರೇಲಿಯದ ಊರೂರಲ್ಲಿ ಕಾಣುವ ‘ಒಪೋರ್ಟೊ’ ಅಂಗಡಿಗಳ ಸಾಲು ಕೂಡ 1986ರಲ್ಲಿ ಸಿಡ್ನಿಯ ಬಾಂಡೈ ಕಡೆ ಒಬ್ಬ ಪೋರ್ಚುಗೀಸ್ ವಲಸಿಗ ಶುರುಮಾಡಿದ್ದೇ. ಆದರೆ ಕೆಂಡದ ಎದುರು ನಿಂತು ನಿಮ್ಮ ಪಾಲನ್ನು ಕತ್ತರಿಸಿಕೊಡುವ ಅಂಗಡಿಯ ರುಚಿಯೇ ಬೇರೆ.

ಈ ಖಾರಕ್ಕೂ ನಮಗೂ ನಂಟಿದೆ. ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಪೋರ್ಚುಗೀಸರ ಹಡಗುಗಳು ಆಫ್ರಿಕಕ್ಕೂ ತಲುಪಿಸಿದವು, ನಮ್ಮ ಪಡುವಣ ಕರಾವಳಿಗೂ ತಂದವು. ಅಲ್ಲಿ ಅದು ಪಿರಿ ಪಿರಿಯಾಯಿತು, ಇಲ್ಲಿ ಬ್ಯಾಡಗಿಯಾಯಿತು. ಹಾಗೆಂದು ಅವರು ಬಂದದ್ದು ನಮಗೆ ಕೊಡಲಿಕ್ಕಲ್ಲ, ಕರಿಮೆಣಸು ಒಯ್ಯಲಿಕ್ಕೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದವರು ಅವರೇ. ಉಳ್ಳಾಲದ ಅಬ್ಬಕ್ಕ ಕತ್ತಿ ಹಿಡಿದದ್ದು ಅವರ ಮೇಲೆಯೇ. ಅದನ್ನು ಮರೆಯಬೇಕಿಲ್ಲ. ಆದರೆ ಪೆಟರ್‌ಶ್ಯಾಮಿನಲ್ಲಿ ಅಂಗಡಿ ಇಟ್ಟವರು ಆ ಕಾಲದ ವೈಸರಾಯರಲ್ಲ; ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು, ನಮ್ಮ ಮಕ್ಕಳ ಹಾಗೆ ಪರದೇಶದಲ್ಲಿ ಅಡುಗೆಯ ಮೂಲಕ ಊರನ್ನು ಉಳಿಸಿಕೊಂಡವರು.

ಕರಾವಳಿಯವರಾದರೆ ‘ಬಕಲ್ಯಾವ್’ ಕೇಳಿ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಒಂದು ದಿನಕ್ಕೂ ಹೆಚ್ಚು ಹೊತ್ತು ನೀರು ಬದಲಿಸುತ್ತ ನೆನೆಹಾಕಿ, ಆಲೂಗೆಡ್ಡೆ, ಈರುಳ್ಳಿ, ಆಲಿವ್ ಎಣ್ಣೆಯ ಜೊತೆ ಬೇಯಿಸುತ್ತಾರೆ. ಮಳೆಗಾಲದಲ್ಲಿ ಒಣಮೀನು ನೆನೆಹಾಕುವ ಮನೆಯವರಿಗೆ ಇದರ ಮರ್ಮ ವಿವರಿಸಬೇಕಿಲ್ಲ.

ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು. ನಾತಾದಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಆಲೂಗೆಡ್ಡೆ, ಸೊಪ್ಪಿನ ‘ಕಾಲ್ದು ವೆರ್ದೆ’ ಸೂಪು ನೋಡಲು ನಮ್ಮವರಿಗೆ ಹೇಳಿ ಮಾಡಿಸಿದಂತಿದ್ದರೂ ಅದರಲ್ಲಿ ಸಾಮಾನ್ಯವಾಗಿ ‘ಶೋರಿಸು’ ಎಂಬ ಹಂದಿ ಮಾಂಸದ ತುಣುಕು ತೇಲುತ್ತಿರುತ್ತದೆ. ಬ್ರೆಡ್ಡು, ಆಲಿವ್ ಕಾಯಿ ಧೈರ್ಯವಾಗಿ ತಿನ್ನಬಹುದು. ಭಾನುವಾರ, ಸರ್ಕಾರಿ ರಜೆಗಳಲ್ಲಿ ಎಷ್ಟೋ ಹೋಟೆಲುಗಳು ಬಿಲ್ಲಿನ ಮೇಲೆ ಹೆಚ್ಚುವರಿ ದರ ಹಾಕುತ್ತವೆ. ಬಾಗಿಲ ಬಳಿಯ ಫಲಕ ಓದಿಯೇ ಕೂರಿ. ಟಿಪ್ಸ್ ಕೊಡಲೇಬೇಕೆಂಬ ರೂಢಿ ಅಲ್ಲಿಲ್ಲ. ವರ್ಷಕ್ಕೊಮ್ಮೆ ಇದೇ ಬೀದಿಗಳಲ್ಲಿ ‘ಬೈರು ಪೋರ್ಚುಗೇಶ್’ ಎಂಬ ಹಬ್ಬ ನಡೆಯುತ್ತದೆ. ನೀವು ಅಲ್ಲಿದ್ದಾಗ ಒದಗಿಬಂದರೆ ತಪ್ಪಿಸಿಕೊಳ್ಳಬೇಡಿ.

ಮೆಲ್ಬರ್ನಿನ ಕಥೆ ಬೇರೆ. ಅಲ್ಲಿ ಪೆಟರ್‌ಶ್ಯಾಮಿನಂಥ ಬೀದಿಯಿಲ್ಲ, ಹುಡುಕಿಕೊಂಡು ಹೋಗಬೇಕು. 11ನೇ ನಂಬರಿನ ಟ್ರಾಮ್ ಹತ್ತಿ ಫಿಟ್ಜ್‌ರಾಯ್‌ಗೆ ಹೋಗಿ. ಉಚಿತ ಟ್ರಾಮ್ ವಲಯ ಅದಕ್ಕೂ ಮೊದಲೇ ಮುಗಿಯುವುದರಿಂದ ಮೈಕಿ ಕಾರ್ಡು ಜೇಬಿನಲ್ಲಿರಲಿ. ಸ್ಪೇನಿನವರ ಬೀದಿಯೆಂದೇ ಹೆಸರಾಗಿದ್ದ ಜಾನ್‌ಸ್ಟನ್ ಸ್ಟ್ರೀಟಿನ ‘ಕಾಸಾ ಇಬೆರಿಕಾ’ ದಿನಸಿ ಅಂಗಡಿಯಲ್ಲಿ ಸ್ಪೇನ್, ಪೋರ್ಚುಗಲ್, ಲ್ಯಾಟಿನ್ ಅಮೆರಿಕದ ಸಾಮಾನು ಒಂದೇ ಸೂರಿನಡಿ ಸಿಗುತ್ತವೆ. ಈ ನಗರದಲ್ಲಿ ಪೋರ್ಚುಗೀಸ್ ಮಾತು ಕಿವಿಗೆ ಬಿದ್ದರೆ, ಆಡುತ್ತಿರುವವರು 1975ರ ಇಂಡೊನೇಷ್ಯದ ದಾಳಿಯ ಹಿಂದುಮುಂದಿನಲ್ಲಿ, ಪೋರ್ಚುಗೀಸರ ವಸಾಹತಾಗಿದ್ದ ಪೂರ್ವ ಟಿಮೋರಿನಿಂದ ಓಡಿಬಂದ ಮನೆತನದವರೂ ಇರಬಹುದು, ಬ್ರೆಜಿಲಿನ ವಿದ್ಯಾರ್ಥಿಯೂ ಇರಬಹುದು. ಎಲ್ಲಿಯವರೆಂದು ಊಹಿಸಬೇಡಿ, ಕೇಳಿ.

ಪರಊರನ್ನು ಅರಿಯಲು ಅಲ್ಲಿಯ ದೊಡ್ಡ ಕಟ್ಟಡಗಳ ಮುಂದೆ ಫೋಟೊ ಹೊಡೆಸಿಕೊಂಡರೆ ಸಾಲದು. ಹೊರಗಿನಿಂದ ಬಂದವರು ಅಲ್ಲಿ ಹೇಗೆ ಬದುಕು ಕಟ್ಟಿಕೊಂಡರು ಎಂಬುದನ್ನೂ ನೋಡಬೇಕು. ನಿಮ್ಮ ಮಗಳೋ ಮಗನೋ ಅಲ್ಲಿ ಮಾಡುತ್ತಿರುವುದೂ ಅದನ್ನೇ ಅಲ್ಲವೆ? ಈ ಸಲ ಹೋದಾಗ ಅವರನ್ನೂ ಜೊತೆಗೆ ಕರೆದುಕೊಂಡು ಪೆಟರ್‌ಶ್ಯಾಮಿಗೆ ಹೋಗಿಬನ್ನಿ.