ಫ್ಯಾನಿಲ್ಲದ ಪೆಟ್ಟಿಗೆ

2000ನೇ ಇಸವಿಯಲ್ಲಿ ಆಪಲ್ ತಂದ ಪವರ್ ಮ್ಯಾಕ್ ಜಿ4 ಕ್ಯೂಬ್‌ನಲ್ಲಿ ಫ್ಯಾನೇ ಇರಲಿಲ್ಲ. ಸುಮಾರು 20 ಸೆಂ.ಮೀ. ಅಗಲದ ಪೆಟ್ಟಿಗೆಯಲ್ಲಿ ಪ್ರೊಸೆಸರು, ಹಾರ್ಡ್ ಡಿಸ್ಕು, ಡಿವಿಡಿ ಡ್ರೈವ್ ಎಲ್ಲವೂ ಒತ್ತೊತ್ತಾಗಿ ಕೂತಿದ್ದವು. ಹಾಗಾದರೆ ಬಿಸಿ ಹೊರಗೆ ಹೋಗುತ್ತಿದ್ದುದು ಹೇಗೆ?

ಅಡುಗೆಮನೆಯ ಹೊಗೆಗೂಡಿನ ಹಾಗೆಯೇ. ಪಾರದರ್ಶಕ ಅಕ್ರಿಲಿಕ್ ಹೊದಿಕೆ ಯಂತ್ರವನ್ನು ಮೇಜಿನಿಂದ ತುಸು ಎತ್ತಿ ಹಿಡಿದಿತ್ತು. ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗಿ, ನಡುವಿನ ಹೀಟ್‌ಸಿಂಕ್‌ನ ರೆಕ್ಕೆಗಳನ್ನು ಸವರಿಕೊಂಡು ಕಾದು, ನೆತ್ತಿಯ ಜಾಲರಿಯಿಂದ ಹೊರಬೀಳುತ್ತಿತ್ತು. ಪವರ್ ಸಪ್ಲೈಯನ್ನು ಹೊರಗೇ ಇಟ್ಟಿದ್ದರಿಂದ ಅದರ ಬಿಸಿಯೂ ಹೊರಗೇ ಉಳಿಯಿತು. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ತಳದ ಹಿಡಿಕೆ ಅದುಮಿದರೆ ಸಾಕು, ಅದು ಮೇಲೆದ್ದು ಬಂದು ಇಡೀ ಒಡಲು ಬಾವಿಯಿಂದ ಕೊಡ ಸೇದಿದಂತೆ ಕೈಗೆ ಬರುತ್ತಿತ್ತು. ಎಂಥ ಅಚ್ಚುಕಟ್ಟು ಕೆಲಸ!

ಬೆಲೆ ಹೆಚ್ಚಾಯಿತು, ಮಾರಾಟ ಸಾಲಲಿಲ್ಲ. 2001ರ ಜುಲೈನಲ್ಲಿ ತಯಾರಿಕೆ ನಿಂತಿತು. ಆಮೇಲೆ ವೇಗದ ಚಿಪ್ ಹಾಕಿಸಿಕೊಂಡ ಹಲವರು ತಳದಲ್ಲಿ ಫ್ಯಾನ್ ಕೂರಿಸಿಕೊಂಡರು.

ಇಂದು ಟಿ.ವಿ. ಕಪಾಟಿನೊಳಗೆ ಮಿನಿ ಪಿಸಿ ತುರುಕುವಾಗಲೂ ಲೆಕ್ಕ ಇದೇ: ಬಿಸಿಗಾಳಿಗೆ ಹೊರಹೋಗಲು ದಾರಿ ಬೇಕು. ಹಿಂಬದಿಯ ಹಲಗೆ ಮುಚ್ಚಿದ್ದರೆ ಫ್ಯಾನು ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಚಿಪ್ ತಾನಾಗಿ ವೇಗ ತಗ್ಗಿಸುತ್ತದೆ. ಹಲಗೆಯ ಮೇಲ್ಭಾಗದಲ್ಲಿ ಅಂಗೈ ಅಗಲದ ಒಂದು ಕಿಂಡಿ ಕೊರೆದರೆ ಅದೇ ಗಾಳಿ ದಾರಿ ಹಿಡಿಯುತ್ತದೆ.