ಮೂತಿ ಎತ್ತುವ ಕಾರು

ಹತ್ತನೆಯ ತರಗತಿಯ ಹುಡುಗನೊಬ್ಬ ಎರಡು ಹಳೆಯ ಇಟಾಲಿಯನ್ ಕಾರುಗಳ ಚಿತ್ರ ತಂದು, "ಸಾರ್, ಯಾವುದು ಮೇಲು?" ಎಂದ. 1966ರ ಲ್ಯಾಂಬೋರ್ಗಿನಿ ಮಿಯುರಾ, 1968ರ ಫೆರಾರಿ ಡೇಟೋನಾ. ಎರಡಕ್ಕೂ ಹನ್ನೆರಡು ಸಿಲಿಂಡರು. ಮಿಯುರಾದ ಎಂಜಿನ್ ಚಾಲಕನ ಬೆನ್ನಹಿಂದೆ ಅಡ್ಡಲಾಗಿ ಕೂತಿದೆ. ಭಾರ ನಡುವಿಗೆ ಬಂದಷ್ಟೂ ತಿರುವಿನಲ್ಲಿ ಕಾರು ಚುರುಕು. ಪಾಠದ ಹುಮ್ಮಸ್ಸಿನಲ್ಲಿ "ಮಿಯುರಾ" ಎಂದುಬಿಟ್ಟೆ.

ಮನೆಯಲ್ಲಿ ಓದಿದರೆ ಕಥೆಯೇ ಬೇರೆ. ಅದರ ಪೆಟ್ರೋಲ್ ಟ್ಯಾಂಕು ಮುಂದಿದೆ. ಬರಿದಾದಂತೆಲ್ಲ ಮುಂಭಾಗ ಹಗುರಾಗಿ, ಅತಿವೇಗದಲ್ಲಿ ಗಾಳಿಗೆ ಮೂತಿ ಮೇಲೇಳುತ್ತಿತ್ತಂತೆ! ಎಂಜಿನ್ ಮುಂದಿದ್ದ ಡೇಟೋನಾ ಗಂಟೆಗೆ 280 ಕಿ.ಮೀ. ಮುಟ್ಟಬಲ್ಲ ಗಟ್ಟಿ ಓಟಗಾರ. ಸಂಗ್ರಹಕಾರರು ಮಾತ್ರ ಮಿಯುರಾಕ್ಕೇ ಹೆಚ್ಚು ಹಣ ಸುರಿಯುತ್ತಾರೆ: ತಯಾರಾದದ್ದು 800ಕ್ಕೂ ಕಡಿಮೆ, ಡೇಟೋನಾ 1,200ಕ್ಕೂ ಹೆಚ್ಚು.

ಮರುದಿನ ತರಗತಿಯಲ್ಲೇ ನನ್ನ ಅವಸರವನ್ನು ಒಪ್ಪಿಕೊಂಡೆ. ಹುಡುಗ ನಕ್ಕ: "ಆದ್ರೂ ನನಗೆ ಮಿಯುರಾನೇ ಬೇಕು ಸಾರ್. ನಿಧಾನಕ್ಕೆ ಓಡಿಸ್ತೀನಿ."